ಹೊಳೆಯಾಚೆಗೆ ಸೊನ್ನೆ

ನಗಬೇಡಿ ಟೀಚರ್, ನಗಬೇಡಿ! ನೀವು ಹಿಡ್ಕೊಂಡು ಬಂದ ಸರ್ಕಾರಿ ಕಾಗದದಲ್ಲಿ "ಎಣಿಸಿದವರು: ಬಿ. ಸುಬ್ರಾಯ" ಅಂತ ಉಂಟಲ್ಲ, ಆ ಮಹಾ ವಿಜ್ಞಾನಿ ಇದೇ ನಾನು. ಮಾಂಬಲಂ ಸ್ಟೇಷನ್ ಎದುರು ದೋಸೆ ಹುಯ್ಯುವ ಸುಬ್ರಾಯ! ಪಾಪ, ಮಂಗಳೂರಿನ ಕಾಲೇಜಿನಿಂದ ಇಷ್ಟು ದೂರ ರೈಲಿನಲ್ಲಿ ಬಂದದ್ದು ಈ ಮುಖ ನೋಡ್ಲಿಕ್ಕಾ, ಸುಗುಣಾ ಟೀಚರ್? ಕಾಫಿ ಕುಡೀರಿ, ಆರ್ತದೆ.

ಐವತ್ತೈದನೇ ಇಸವಿ. ಆಗ ನಮ್ಮ ದಕ್ಷಿಣ ಕನ್ನಡ ಮದ್ರಾಸಿಗೇ ಸೇರಿತ್ತಲ್ಲ? ಘಟ್ಟದಲ್ಲಿ ಸಿಂಗಳೀಕ ಎಷ್ಟು ಉಂಟು ಅಂತ ಎಣಿಸ್ಲಿಕ್ಕೆ ಇಲ್ಲಿಂದ ಫಾರೆಸ್ಟಿನ ಕೃಷ್ಣರಾಜ ಸಾಹೇಬರು ಹೊರಟ್ರು. ಅವರಿಗೆ ಕಾಡಿನಲ್ಲೂ ನಮ್ಮ ಹೋಟ್ಲಿನ ಸಾರೇ ಬೇಕು. ಹಾಗಾಗಿ ಅಡುಗೆಗೆ ನಾನು. ಎಂಟನೇ ಕ್ಲಾಸು ಪಾಸು ಬೇರೆ! ಮೂರನೇ ದಿನ ಸಾಹೇಬರಿಗೆ ಚಳಿಜ್ವರ. ಗುಡಾರದಲ್ಲಿ ಮಲಗಿದಲ್ಲಿಂದಲೇ, "ಸುಬ್ರಾಯ, ನೀನೇ ಎಣಿಸು" ಅಂದ್ರು.

ಎಣಿಸಿದೆ ಮಾರಾಯ್ರೆ! ಒಂದು ಸಿಂಗಳೀಕ ಕಂಡ್ರೆ ಒಂದು ಹುಣಸೆ ಬೀಜ ಜೇಬಿಗೆ. ಸಂಜೆ ನೋಡಿದ್ರೆ ಜೇಬು ತೂತು! ನಾಲ್ಕೋ ಐದೋ ದಾರಿಯಲ್ಲೇ ಉದುರಿ ಹೋಗಿದ್ವು. ಮೊದಲ ಕಣಿವೆಗೆ ಹತ್ತೊಂಬತ್ತು ಅಂತ ಉಂಟಲ್ಲ, ಅದು ಉದುರಿ ಉಳಿದದ್ದು. ಬರ್ಕೊಳ್ಳಿ, ಬರ್ಕೊಳ್ಳಿ... ಹೋಗುವ ಮಾನ ಎಂತ ಉಂಟು ನನಗೆ?

ಎಂತ? ಎರಡನೇ ಕಣಿವೆಯಾ? ಹೊಳೆಯಾಚೆಯದ್ದಾ? ಅಲ್ಲಿ ಸೊನ್ನೆ. ಕಾಗದದಲ್ಲೇ ಉಂಟಲ್ಲ... ಹೋಗಿದ್ದೆ, ನೋಡಿದ್ದೆ. ಒಂದೂ ಇರ್ಲಿಲ್ಲ.

ಪೆನ್ನು ಯಾಕೆ ಮುಚ್ಚಿದ್ರಿ?

ಸರಿ, ಸರಿ... ಪೂರ್ತಿ ಹೋಗ್ಲಿಲ್ಲ. ಹೊಳೆಗೆ ಒಂದು ಮರ ಅಡ್ಡ ಹಾಕಿ ಸಂಕ ಮಾಡಿದ್ರು. ಇಡೀ ಪಾಚಿ! ದಾರಿ ತೋರಿಸ್ಲಿಕ್ಕೆ ಬಂದ ಐತ ಅನ್ನುವವ ಸರಸರ ದಾಟಿ ಆಚೆ ನಿಂತು ಕರೆದ. ನಾನು? ನಡು ಸಂಕದಲ್ಲಿ ಕೂತುಬಿಟ್ಟೆ! ಕಾದ ಎಣ್ಣೆಗೆ ಹೆದರದವ, ಕೆಳಗೆ ನೀರು ನೋಡಿ ಕಣ್ಣು ಮುಚ್ಚಿ ಹಿಂದಕ್ಕೆ ತೆವಳಿದೆ. ಪಂಚೆ ಹರೀತು. ಐತ ಪಾಪ, ಬೇರೆ ಕಡೆ ನೋಡಿದ. ನಗಿ, ಈಗ ನಗಬಹುದು...

ನಗುವುದಿಲ್ವಾ?

ಕಾಗದದಲ್ಲಿ ಖಾಲಿ ಬಿಟ್ರೆ ಸಾಹೇಬರು ಪುನಃ ಸಂಕಕ್ಕೆ ಕಳಿಸ್ತಾರೆ. ಸೊನ್ನೆ ಹಾಕಿದ್ರೆ ಯಾರು ಕೇಳ್ತಾರೆ? ಹಾಕಿದೆ. ದೋಸೆ ಹುಯ್ಯುವ ಕೈ ಅಲ್ವಾ, ಒಳ್ಳೆ ದುಂಡಗೆ ಬಂತು! ಮರುವರ್ಷ ಜಿಲ್ಲೆ ಮೈಸೂರಿಗೆ ಸೇರಿತು, ಕಾಗದವೂ ಹೋಯ್ತು. ಎಂಟು ವರ್ಷ ಒಬ್ಬನೂ ಆ ಕಣಿವೆಗೆ ಇಳೀಲಿಲ್ಲ. ಎಲ್ಲರೂ ನನ್ನ ಸೊನ್ನೆಯನ್ನೇ ನಕಲು ಮಾಡಿದ್ರು, ಅಡುಗೆಯವನ ಸೊನ್ನೆ! ಈಗ ನೀವು ಹೇಳ್ತೀರಿ, ಅಲ್ಲಿ ಎಂತದೂ ಇಲ್ಲವಲ್ಲ ಅಂತ ಬರುವ ತಿಂಗಳು ಮರ ಕಡಿಯುವವರು ಬರ್ತಾರೆ ಅಂತ. ನಾನೆಂತ ಮಾಡ್ಲಿ? ನೋಡದವನಿಗೆ ಎಂತ ಗೊತ್ತಿರ್ತದೆ? ತನ್ನಿ, "ನಾನು ನೋಡಿಲ್ಲ" ಅಂತ ಬರೆದು ಕೊಡ್ತೇನೆ. ಸಾಕಾ?

...ಇನ್ನೂ ಯಾಕೆ ಹಾಗೆ ನೋಡ್ತೀರಿ? ಎಂತಾದ್ರೂ ಮಾತಾಡಿ ಟೀಚರ್. ಬೈಯಿರಿ ಬೇಕಾದ್ರೆ. ಟ್ರೈನಿನ ಸದ್ದೂ ಹೋಯ್ತು, ಒಳಗೆ ರುಬ್ಬುವ ಕಲ್ಲೂ ನಿಂತಿತು. ಹೀಗೆ ಸುಮ್ಮನೆ ಕೂತ್ರೆ ನನಗಾಗುವುದಿಲ್ಲ. ಅದಕ್ಕೇ ನಾನು ಇಡೀ ದಿನ ವಟವಟ ಅನ್ನುವುದು. ಸುಮ್ಮನಾದ್ರೆ ಕೇಳ್ತದೆ...

ಕೂಗು, ಟೀಚರ್. ಹೊಳೆಯಾಚೆಯಿಂದ. ಅಲ್ಲಿದ್ದ ಅಷ್ಟೂ ದಿನ ಬೆಳಿಗ್ಗೆ ನಾನು ಒಲೆ ಹಚ್ಚುವಾಗ ಕೇಳ್ತಿತ್ತು. ಮೊದಲು ಗಂಡಿನದ್ದು, ದೊಡ್ಡದು. ಆಮೇಲೆ ಸಣ್ಣ ಸಣ್ಣದು, ಮರಿಗಳದ್ದು... ನಾನು ಸೊನ್ನೆ ಬರೆಯುವಾಗಲೂ ಕೂಗ್ತಾ ಇದ್ವು.

ಪೆನ್ನು ತೆಗೀರಿ. ಅಡುಗೆಯವ ಕೇಳಿದ್ದ ಅಂತ ಬರೀರಿ.