ಅರ್ಧ ಡಿಗ್ರಿ ಕಮ್ಮಿ

...ಇಲ್ಲ ಲ್ಯಾಬಣ್ಣ, ನೀವು ಹೇಳಿದ್ರೂ ಅಷ್ಟೇ, ದೇವರೇ ಬಂದು ಹೇಳಿದ್ರೂ ಅಷ್ಟೇ. ಆ ಹುಡುಗಿಯ ಆನರ್ಸ್ ಪ್ರಬಂಧ ನಾನು ಪಾಸ್ ಮಾಡಲ್ಲ. ಕೂತ್ಕೊಳ್ಳಿ. ಮೂವತ್ತು ವರ್ಷದಿಂದ ಈ ಲ್ಯಾಬಿನ ಬೀಗದ ಕೈ ನಿಮ್ಮ ಹತ್ರಾನೇ ಇದೆ, ನನ್ನ ರೂಮಿಗೆ ಬಂದ್ರೆ ಮಾತ್ರ ನಿಂತೇ ಇರ್ತೀರಲ್ಲ... ಆಯ್ತು, ನಿಂತಿರಿ.

ನಾಲ್ಕು ಗಂಟೆಗೆ ಬೋರ್ಡ್ ಮೀಟಿಂಗ್. ಅಷ್ಟರೊಳಗೆ ಈ ವರದಿಗೆ ನನ್ನ ಸಹಿ ಬೀಳಬೇಕು. ಫೇಲ್ ಅಂತ ಬರೆದ್ರೆ ಅವಳಿಗೆ ಪಿಎಚ್‌ಡಿ ಸೀಟು ಕನಸಿನ ಮಾತು, ಅದೂ ಗೊತ್ತು. ಹಾಗೆ ನೋಡಬೇಡಿ. ನಾನೇನು ರಾಕ್ಷಸೀನಾ?

ನಿಯಮ ಏನು? ಮೊಳಕೆ ರೂಮಿನ ಥರ್ಮಾಮೀಟರನ್ನ ದಿನಕ್ಕೆ ಮೂರು ಸಲ ನೋಡಬೇಕು. ಯಾರು ನೋಡಿದ್ರೋ ಅವರೇ ಪುಸ್ತಕದಲ್ಲಿ ಬರೆದು, ಅವರೇ ಸಹಿ ಹಾಕಬೇಕು. ಮೊದಲನೇ ದಿನವೇ ಮಕ್ಕಳಿಗೆ ಬಾಯಿಪಾಠ ಮಾಡಿಸ್ತೀನಿ ನಾನು. ನಗ್ತೀರಾ? ನಗೋಂಥದ್ದೇನಿದೆ ಇದ್ರಲ್ಲಿ?

ಇವಳು ನಾಲ್ಕು ದಿನ ಊರಲ್ಲೇ ಇರ್ಲಿಲ್ಲ. ಅಮ್ಮನಿಗೆ ಆಪರೇಷನ್. ಸರಿ, ಆ ನಾಲ್ಕು ದಿನ ಖಾಲಿ ಬಿಡಬೇಕಿತ್ತು. ಊರಲ್ಲಿರಲಿಲ್ಲ, ನೋಡಲಿಲ್ಲ ಅಂತ ಒಂದು ಸಾಲು. ಒಂದೆರಡು ಮಾರ್ಕು ಹೋಗ್ತಿತ್ತು, ತಲೆಯೇನೂ ಹೋಗ್ತಿರಲಿಲ್ಲ. ಅದು ಬಿಟ್ಟು, ನಿಮ್ಮ ಕೈಕಾಲು ಹಿಡಿದು ನಿಮ್ಮಿಂದ ನೋಡಿಸಿ, ನೀವು ಚೀಟೀಲಿ ಬರೆದಿಟ್ಟದ್ದನ್ನ ಬಂದು ತನ್ನ ಕೈಯಾರೆ ಇಳಿಸಿ, ತನ್ನ ಸಹಿ. ಒಂದಲ್ಲ ಎರಡಲ್ಲ, ಹನ್ನೆರಡು ಸಹಿ. ನಿಮ್ಮ ಮೇಲೆ ನಂಗೆ ಕೋಪ ಇಲ್ಲ. ಯಾರು ಬಂದು ಕಣ್ಣೀರು ಹಾಕಿದ್ರೂ ಕರಗಿ ಹೋಗ್ತೀರಿ ನೀವು, ಮೊದಲಿಂದ್ಲೂ ಹಾಗೇ.

ಹೇಗೆ ಹಿಡಿದೆ ಅಂತೀರಾ? ಪುಟ ತಿರುಗಿಸ್ತಿದ್ದ ಹಾಗೇ ಕಣ್ಣಿಗೆ ಬಿತ್ತು. ಉಳಿದ ದಿನ ಎಲ್ಲಾ ಇಪ್ಪತ್ತೈದು, ಆ ನಾಲ್ಕು ದಿನ ಮಾತ್ರ ಇಪ್ಪತ್ನಾಲ್ಕೂವರೆ. ಬೆಳಿಗ್ಗೆನೂ, ಮಧ್ಯಾಹ್ನನೂ, ಸಂಜೆನೂ. ಬೇರೆಯವರಾಗಿದ್ರೆ ಕರೆಂಟಿನ ತೊಂದರೆ ಅಂದ್ಕೊಂಡು ಸುಮ್ನಾಗ್ತಿದ್ರು. ನಾನು ಬಿಡ್ತೀನಾ? ಇದು ಲ್ಯಾಬಣ್ಣನ ಕಣ್ಣು ಅಂದೆ. ಥರ್ಮಾಮೀಟರ್ ಎತ್ತರದಲ್ಲಿದೆ, ನೀವು ಕುಳ್ಳಗೆ, ಕೆಳಗಿಂದ ಕತ್ತೆತ್ತಿ ನೋಡ್ತೀರಿ. ಅರ್ಧ ಡಿಗ್ರಿ ಕಮ್ಮಿ ಕಾಣುತ್ತೆ. ಬೇಜಾರು ಮಾಡ್ಕೋಬೇಡಿ, ಇದ್ದದ್ದು ಹೇಳ್ದೆ. ಸ್ಟೂಲ್ ಹತ್ತಿ ನೋಡಿದ್ರೆ ಸರಿಯಾಗೇ ಇರ್ತಿತ್ತು. ಅದರ ಕಾಲು ಮುರಿದು, ರಿಪೇರಿಗೆ ಹೋಗಿ ಕೂತಿದೆ...

ಯಾಕೆ ಹಾಗೆ ನೋಡ್ತಿದೀರಿ?

ಹೌದು, ಸ್ಟೂಲ್ ನಾನೇ ತರಿಸಿದ್ದು. ಮುಖ್ಯಸ್ಥೆ ಆದ ಮೊದಲನೇ ವಾರ. ಎಲ್ಲರಿಗೂ ಅಂತ. ಕುಳ್ಳ ಮಕ್ಕಳೂ ಬರ್ತಾರಲ್ಲ... ಇಲ್ಲ, ನಿಮಗೆ ಅಂತ ಅಲ್ಲ. ಥರ್ಮಾಮೀಟರ್ ನೋಡೋದು ನಿಮ್ಮ ಕೆಲಸವೇ ಅಲ್ಲ. ಆ ಪುಸ್ತಕದಲ್ಲಿ ಎಲ್ಲೂ ನಿಮ್ಮ ಸಹಿ ಇಲ್ಲ. ಹಾಗಿದ್ರೆ ನಿಮ್ಮ ಕಣ್ಣಿಗೆ ಎಷ್ಟು ಕಮ್ಮಿ ಕಾಣುತ್ತೆ ಅಂತ ನಂಗೆ ಹೇಗೆ...

ಅಣ್ಣ, ಬೇಕಾದ್ರೆ ಬೈದುಬಿಡಿ.

ಇಷ್ಟು ವರ್ಷ ನೀವು ಯಾರ ಹತ್ರಾನೂ ಬಾಯಿಬಿಡಲಿಲ್ಲ, ಇವತ್ತೂ ಬಿಡಲ್ಲ.

ಹನ್ನೊಂದು ದಿನ. ನನ್ನ ಪಿಎಚ್‌ಡಿ ಪ್ರಬಂಧದ ಮೂರನೇ ಕೋಷ್ಟಕ. ಎಲ್ಲಾ ನೀವು ನೋಡಿದ್ದು, ಎಲ್ಲಾ ಅರ್ಧ ಡಿಗ್ರಿ ಕಮ್ಮಿ, ಪುಸ್ತಕದಲ್ಲಿ ಎಲ್ಲದರ ಮುಂದೆಯೂ ನನ್ನ ಸಹಿ. ಪರೀಕ್ಷಕರಿಗೆ ಕಾಣಲಿಲ್ಲ. ಪದವಿ ಕೈಗೆ ಬಂದ ಮೇಲೆ ಒಂದಿನ ನಂಗೇ ಕಾಣಿಸ್ತು. ಇವಳ ಅಮ್ಮ ಆಸ್ಪತ್ರೆಯಲ್ಲಿದ್ರು ಅಣ್ಣ. ನಾನು ಹೋಗಿದ್ದು ಗೆಳತಿಯರ ಜೊತೆ ಸಮುದ್ರ ನೋಡೋಕೆ.

ಅವಳ ಸಹಿ ಸುಳ್ಳೇ, ಅದರಲ್ಲಿ ಎರಡು ಮಾತಿಲ್ಲ. ಪೆನ್ನೂ ಕೈಯಲ್ಲೇ ಇದೆ. ಫೇಲ್ ಅಂತ ಯಾರ ಹೆಸರಿನ ಮುಂದೆ ಬರೀಲಿ, ನೀವೇ ಹೇಳಿ.