ಚಪ್ಪಲಿ ಹಿಂದೆ ಬಂದ ಬರಿಗಾಲು

ಕಿಟಕಿ ತೆಗೆದೇ ಇರಲಿ. ಈ ಕತೆಗೆ ಕಣ್ಣು ಬೇಡ, ಕಿವಿ ಸಾಕು. ಮಧ್ಯದಲ್ಲಿ ಯಾರೂ ಎದ್ದು ಓಡಾಡಬೇಡಿ, ಅಷ್ಟೇ... ಯಾಕೆ ಅಂತ ಆಮೇಲೆ ಗೊತ್ತಾಗುತ್ತೆ.

ನಮ್ಮ ದೊಡ್ಡಮ್ಮನ ಮಗನಿಗೆ ಆದದ್ದು ಇದು. ಒಂದೇ ಮನೆಯಲ್ಲಿ ಬೆಳೆದೋರು ನಾವು. ಅವನ ಕೆಲಸ ಏನು ಅಂದ್ರೆ ನಗ್ತೀರಿ. ಸಿನಿಮಾದಲ್ಲಿ ಹೀರೋ ನಡೀತಾನಲ್ಲ, ಆ ಹೆಜ್ಜೆ ಸದ್ದು ಹೀರೋದಲ್ಲ. ಶೂಟಿಂಗ್ ಎಲ್ಲ ಮುಗಿದ ಮೇಲೆ ಸ್ಟುಡಿಯೋದ ಕತ್ತಲು ಕೋಣೆಯಲ್ಲಿ ಒಬ್ಬ ಪರದೆ ನೋಡ್ಕೊಂಡು, ಹೀರೋ ಕಾಲು ಎತ್ತಿದಾಗ ಎತ್ತಿ, ಊರಿದಾಗ ಊರಿ, ಸದ್ದು ರೆಕಾರ್ಡ್ ಮಾಡಿಸ್ತಾನೆ. ಜಲ್ಲಿ ಮೇಲೆ, ಹಲಗೆ ಮೇಲೆ, ಚಪ್ಪಡಿ ಮೇಲೆ. ನಮ್ಮಣ್ಣ ಅಂಥವನು. ತುಂಬಿದ ಬಸುರಿ ಥರಾನೂ ನಡೀತಿದ್ದ, ಕುಡುಕನ ಥರಾನೂ ನಡೀತಿದ್ದ. ಸ್ಟುಡಿಯೋದಲ್ಲಿ ಅವನ ಹೆಸರೇ ‘ಹೆಜ್ಜೆ’ ಅಂತ ಆಗಿಹೋಗಿತ್ತು.

ಒಂದೇ ಒಂದು ಅವನ ಕೈಲಾಗ್ತಿರಲಿಲ್ಲ... ಬರಿಗಾಲು. ಚಿಕ್ಕವನಿದ್ದಾಗ ಪಕ್ಕದ ಮನೆ ಗೋಡೆ ಹಾರೋಕೆ ಹೋಗಿ ಬಲಗಾಲು ಮುರ್ಕೊಂಡಿದ್ದ. ಚಪ್ಪಲಿನೋ ಬೂಟೋ ಮೆಟ್ಟಿದ್ರೆ ಆ ಕುಂಟು ಕೇಳಿಸ್ತಿರಲಿಲ್ಲ. ಬರಿಗಾಲಲ್ಲಿ ಮಾತ್ರ ತಪ್... ಸರ್. ತಪ್... ಸರ್. ಎಡಗಾಲು ಊರುತ್ತೆ, ಬಲಗಾಲು ಎಳೆಯುತ್ತೆ. ರಾತ್ರಿ ನೀರು ಕುಡಿಯೋಕೆ ಎದ್ದವನು ಇವನೇ ಅಂತ ನಾವು ಮಲಗಿದಲ್ಲೇ ಹೇಳ್ತಿದ್ವಿ. ಸಿನಿಮಾಕ್ಕೆ ಬರಿಗಾಲು ಬೇಕಾದಾಗ ಕುಳ್ಳ ನಡೀತಿದ್ದ.

ಕುಳ್ಳ ಅಂದ್ರೆ ಅಣ್ಣನ ಜೊತೆಗಾರ. ಒಂದೇ ತಟ್ಟೆಯಲ್ಲಿ ಉಂಡೋರು. ಆಮೇಲೆ ಕುಳ್ಳ ಬೇರೆ ಸ್ಟುಡಿಯೋ ಸೇರ್ಕೊಂಡ, ಒಂದು ಜೈಲಿನ ಸಿನಿಮಾಕ್ಕೆ ಸದ್ದು ಮಾಡಿದ, ಹೆಸರೂ ಮಾಡಿದ.

ಆ ಸಿನಿಮಾ ನೋಡ್ಕೊಂಡು ಅಣ್ಣ ಅತ್ತಿಗೆ ತಡವಾಗಿ ನಡ್ಕೊಂಡು ಬರ್ತಿದ್ರು. ಅವರ ಬೀದಿ ತಿರುವಿನಲ್ಲಿ ಕಂಬಿ ಹಾಕಿ ಮುಚ್ಚಿದ ಹಳೇ ಬಾವಿ ಇದೆ. ಅಲ್ಲಿ ಅಣ್ಣ ನಿಂತುಬಿಟ್ಟ.

“ಆ ಬಾಗಿಲು...” ಅಂದ, ಪಿಸುಮಾತಲ್ಲಿ.

“ಯಾವ ಬಾಗಿಲು ರೀ?”

“ಸಿನಿಮಾದ್ದು. ಸೆಲ್ ಬಾಗಿಲು. ಕಿರ್ರ್... ಢಣ್... ಆಮೇಲೆ ಒಳಗೆ ಝುಂ ಅಂತ ಒಂದು ನಡುಕ.”

“ಹೂಂ. ನಂಗಂತೂ ಎದೆ ಝಲ್ ಅಂತು.”

“ಅದು ನಮ್ಮಮ್ಮನ ಬೀರು ಕಣೇ.”

ನಿಜ. ದೊಡ್ಡಮ್ಮ ತೀರ್ಕೊಂಡ ಮೇಲೆ ಅವಳ ತುಕ್ಕು ಹಿಡಿದ ಕಬ್ಬಿಣದ ಬೀರುವನ್ನ ಅಣ್ಣನೇ ಗುಜರಿಗೆ ಹಾಕಿದ್ದ. ಕುಳ್ಳ ಅದನ್ನ ಅಲ್ಲಿಂದ ಎತ್ಕೊಂಡು ಹೋಗಿದ್ದ. ಆ ಬಾಗಿಲು ಕೇಳಿ ಊರಿಗೆ ಊರೇ ಅತ್ತಿತ್ತು. ಪೇಪರಿನವರು ನರಕದ ಬಾಗಿಲು ಅಂತ ಬರೆದ್ರು. ನಮಗೆ ಅದು ಚಳಿಗೆ ದೊಡ್ಡಮ್ಮ ಹೊದಿಕೆ ತೆಗೀತಿದ್ದ ಸದ್ದು. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರೆ. ಇವನದ್ದು ಗುಜರಿಗೆ ಹೋಯ್ತು.

ಕುಳ್ಳನಿಗೆ ಪ್ರಶಸ್ತಿ ಬಂತು. ಎಲ್ಲರೂ ಅವನನ್ನ ‘ಬಾಗಿಲು ಸಾಹೇಬ್ರು’ ಅನ್ನೋಕೆ ಶುರು ಮಾಡಿದ್ರು. ಅಣ್ಣನಿಗೆ ಅನ್ನ ಸೇರ್ತಿರಲಿಲ್ಲ. ಹೊಟ್ಟೆಕಿಚ್ಚಿಗೆ ಬೇರೆ ಹೆಸರು ಇಡೋಕೆ ನಂಗೆ ಬರಲ್ಲ. ಮನೇಲಿ ಯಾರಾದ್ರೂ ಬಾಗಿಲು ಜೋರಾಗಿ ಹಾಕಿದ್ರೆ ರೇಗ್ತಿದ್ದ.

ಆಗ ಒಬ್ಬ ನಿರ್ದೇಶಕ ಇವನ ಹತ್ರ ಬಂದ. ಅವನದ್ದೂ ಜೈಲಿನ ಸಿನಿಮಾನೇ. ಒಬ್ಬನೇ ಕೈದಿ, ಒಂದೇ ಕೋಣೆ, ಮುದುಕನಾಗೋ ತನಕ. ಕೊನೆಯ ದೃಶ್ಯದಲ್ಲಿ ಅವನ ಬಿಡುಗಡೆ. ಚಪ್ಪಲಿ ಮೆಟ್ಕೊಂಡು ಜೈಲಿನ ಅಂಗಳ ದಾಟಿ ಗೇಟಿನ ತನಕ ನಡೀತಾನೆ. ಮಾತಿಲ್ಲ, ಸಂಗೀತ ಇಲ್ಲ. ಬರೀ ಹೆಜ್ಜೆ.

ಕೇಳಿದ್ದೇ ತಡ, ಅಣ್ಣನ ಕಣ್ಣು ಹೊಳೀತು. “ನಾನು ಬೀರು ಗೀರು ತರಲ್ಲ. ಜೈಲಿಂದಲೇ ತರ್ತೀನಿ,” ಅಂದ.

ಶೂಟಿಂಗ್ ಆಗಿದ್ದು ಒಂದು ಹಳೇ ಜೈಲಲ್ಲಿ. ಮುಚ್ಚಿ ಎಷ್ಟೋ ವರ್ಷ ಆಗಿತ್ತು. ಒಬ್ಬ ಮುದಿ ವಾರ್ಡರ್ ಬೀಗದಕೈ ಇಟ್ಕೊಂಡು ಅಲ್ಲೇ ಬಿದ್ದಿದ್ದ. ಅಣ್ಣ ಮಧ್ಯಾಹ್ನ ಹೋದ. ಅಂಗಳದ ತುಂಬ ಕೆಂಪು ಜಲ್ಲಿ, ಇಟ್ಟಿಗೆ ಪುಡಿ ಮಾಡಿ ಹರಡಿದ ಹಾಗೆ. ಅದರಾಚೆ ಉಗ್ರಾಣ. ಅದರ ಗೋಡೆ ತುಂಬ ಮರದ ಗೂಡು, ಅಲ್ಲೊಂದು ಇಲ್ಲೊಂದು ಗೂಡಲ್ಲಿ ಒಂದೊಂದು ಜೊತೆ ಚಪ್ಪಲಿ.

“ಒಳಗೆ ಬರೋನ ಚಪ್ಪಲಿ ಬಿಚ್ಚಿಸಿ ಇಲ್ಲಿಡ್ತಿದ್ವಿ,” ಅಂದ ವಾರ್ಡರ್. “ಒಳಗೆ ಇರೋ ತನಕ ಬರಿಗಾಲು. ಬಿಡುಗಡೆ ದಿನ ಅವನ ಚಪ್ಪಲಿ ಅವನಿಗೆ.”

“ಮತ್ತೆ ಇವು ಯಾಕೆ ಉಳಿದ್ವು?”

“ಹೊರಗೆ ಹೋಗದೇ ಇದ್ದೋರದ್ದು.”

ಅಣ್ಣ ಒಂದು ಜೊತೆ ಕೇಳಿದ. ತೊಗಲಿನ ಚಪ್ಪಲಿ, ಎಡಗಡೆ ಹಿಮ್ಮಡಿ ಸವೆದಿತ್ತು. ಕೆಲಸ ಮುಗಿದ ತಕ್ಷಣ ವಾಪಸ್ ತಂದ್ಕೊಡ್ತೀನಿ ಅಂದ.

ವಾರ್ಡರ್ ತಲೆ ಅಲ್ಲಾಡಿಸಿದ. “ಬೇಡಪ್ಪ. ಅವರು ಇನ್ನೂ ಇಸ್ಕೊಂಡಿಲ್ಲ.”

ಅಷ್ಟು ಹೇಳಿ ಟೀ ಕಾಸೋಕೆ ಹೋದ. ಅಣ್ಣ ಟೀ ಕುಡಿದ, ಕೈ ಮುಗಿದ, ಹೊರಟ. ಚಪ್ಪಲಿ ಚೀಲದಲ್ಲಿತ್ತು. ಹೊಟ್ಟೆ ಉರಿಯೋನಿಗೆ ಕೈ ಸುಟ್ಟರೂ ಗೊತ್ತಾಗಲ್ಲ.

ಮರುದಿನ ಸ್ಟುಡಿಯೋದಲ್ಲಿ ಅದನ್ನ ಮೆಟ್ಕೊಂಡು ನಡೆದ. ಅಲ್ಲಿರೋದು ಕರಿ ಜಲ್ಲಿ, ಮನೆ ಕಟ್ಟೋಕೆ ಹಾಕ್ತಾರಲ್ಲ, ಅದು. ಚರಕ್... ಚರಕ್... ಚರಕ್. ಪರದೆ ಮೇಲಿನ ಮುದುಕ ಗೇಟಿನ ಹತ್ರ ನಿಂತ. ಅಣ್ಣನೂ ನಿಂತ.

ರೆಕಾರ್ಡ್ ಮಾಡೋನು ಗಾಜಿನ ಆಚೆಯಿಂದ ಕೇಳಿದ. “ಹಿಂದೆ ಯಾರಿದ್ರು?”

“ಯಾರಿದ್ರು? ನಾನೊಬ್ಬನೇ.”

“ಬಂದು ಕೇಳಿ.”

ಅಣ್ಣ ಹೆಡ್‌ಫೋನ್ ಹಾಕ್ಕೊಂಡ. ಚರಕ್... ಅವನದ್ದೇ. ಅದರ ಬೆನ್ನಿಗೆ, ಉಸಿರು ಬಿಡೋವಷ್ಟು ತಡವಾಗಿ... ತಪ್. ಚರಕ್... ತಪ್. ಚರಕ್... ತಪ್. ಬರಿಗಾಲು. ಹಿಮ್ಮಡಿ ಒಡೆದ, ಮೆತ್ತಗೆ ಊರೋ ಬರಿಗಾಲು. ಇವನ ಚಪ್ಪಲಿ ನಿಂತ ಮೇಲೂ ಅದು ಇನ್ನೊಂದು ಹೆಜ್ಜೆ ಇಟ್ಟು ನಿಂತಿತ್ತು. ಇವನ ಬೆನ್ನ ಹತ್ರ.

ಮತ್ತೆ ನಡೆದ. ಮತ್ತೆ ಅದೇ. ರೆಕಾರ್ಡ್ ಮಾಡೋನು ರೆಕಾರ್ಡಿಂಗ್ ನಿಲ್ಲಿಸಿದ. “ಅಳಿಸ್ಲಾ?” ಅಂದ. ಅಷ್ಟರಲ್ಲಿ ನಿರ್ದೇಶಕ ಒಳಗೆ ಬಂದ, ಕೇಳಿದ, ಕೂತಲ್ಲೇ ಕಣ್ಣು ಒರೆಸ್ಕೊಂಡ.

“ಮುಟ್ಟಬೇಡಿ,” ಅಂದ. “ಆ ಬರಿಗಾಲು ಯಾರದ್ದು?”

ಅಣ್ಣ ಹೆಡ್‌ಫೋನ್ ತೆಗೆದಿಟ್ಟ. ಆಮೇಲೆ ಅಂದ, “ನಂದೇ.”

ಸಿನಿಮಾ ಎಲ್ಲೆಲ್ಲಿಗೋ ಹೋಯ್ತು. ದೊಡ್ಡ ದೊಡ್ಡೋರು ಎದ್ದು ನಿಂತು ಚಪ್ಪಾಳೆ ತಟ್ಟಿದ್ರು. ಅಣ್ಣನಿಗೂ ಪ್ರಶಸ್ತಿ ಬಂತು. ಪೇಪರಲ್ಲಿ ಬರೆದದ್ದು ಏನು ಗೊತ್ತಾ? ಮನುಷ್ಯ ಹೊರಗೆ ಬಂದ್ರೂ ಅವನೊಳಗಿನ ಕೈದಿ ಬರಿಗಾಲಲ್ಲಿ ಹಿಂದೆ ಬರ್ತಾನೆ ಅಂತ. ಆ ಬರಿಗಾಲೇ ಬರಿಗಾಲು ಅಂತ. ಚಪ್ಪಲಿ ಸದ್ದಿನ ಬಗ್ಗೆ ಒಬ್ಬನಾದ್ರೂ ಒಂದು ಮಾತು ಬರೆದಿದ್ರೆ ಕೇಳಿ.

ಇಷ್ಟು ದಿನ ಬೀರು ಮೇಲಿದ್ದ ಉರಿ ಈಗ ಬರಿಗಾಲಿನ ಮೇಲೆ ತಿರುಗ್ತು. ಬಾಯಿ ಬಿಟ್ಟರೆ ಬಣ್ಣಗೇಡು. ನಂದಲ್ಲ ಅನ್ನೋ ಹಾಗಿಲ್ಲ, ನಂದು ಅಂದ್ರೆ ನಾಲಿಗೆ ಕಹಿ.

ಸನ್ಮಾನ ಮುಗಿಸ್ಕೊಂಡು ಬಂದ ರಾತ್ರಿ ಕಾಲಲ್ಲಿ ಅದೇ ಚಪ್ಪಲಿ ಇತ್ತು. ಅದನ್ನ ಬಿಟ್ಟು ಬೇರೆ ಮೆಟ್ಟೋದೇ ಬಿಟ್ಟಿದ್ದ. ಬಾವಿ ಹತ್ರ ಬಂದಾಗ ಅತ್ತಿಗೆ ಅವನ ತೋಳು ಹಿಡಿದಳು. ಚರಕ್... ತಪ್. ಚರಕ್... ತಪ್.

“ಕೇಳ್ತಾ?” ಅಂದ ಅಣ್ಣ.

“ಕೇಳ್ತು. ನಾಳೆನೇ ಹೋಗಿ ವಾಪಸ್ ಇಟ್ಟು ಬನ್ನಿ.”

“ಇಟ್ಟು ಬಂದ್ರೆ... ಮುಂದಿನ ಸಿನಿಮಾಕ್ಕೆ?”

“ಸಿನಿಮಾ ಮನೆ ಹಾಳಾಗ. ಪಾಪ, ಅವನು ತನ್ನ ಚಪ್ಪಲಿ ಕೇಳ್ತಿದಾನೆ ರೀ.”

ಅಣ್ಣ ಕತ್ತಲಿಗೆ ಕಿವಿ ಕೊಟ್ಟು ನಿಂತಿದ್ದ. “ನನಗಿಂತ ಚೆನ್ನಾಗಿ ನಡೀತಾನೆ ಕಣೇ...” ಅಂದ.

ಇದನ್ನ ಹೇಳುವಾಗ ಅತ್ತಿಗೆ ಅಳ್ತಾಳೆ. ಹೆದರಿದ್ರೆ ಸಮಾಧಾನ ಮಾಡ್ಬಹುದಿತ್ತು, ಅವರು ಹೆದರಲೇ ಇಲ್ಲ ಕಣೇ ಅಂತಾಳೆ.

ಆಮೇಲೆ ಅಣ್ಣ ಹಿತ್ತಲಲ್ಲಿ ಸ್ಟುಡಿಯೋದಂಥದ್ದೇ ಕರಿ ಜಲ್ಲಿ ಹರಡಿ ಬರಿಗಾಲಲ್ಲಿ ನಡೆಯೋಕೆ ಶುರು ಮಾಡಿದ. ತಪ್... ಸರ್. ತಪ್... ಸರ್. ಅಂಗಾಲು ಒಡೆದು ರಕ್ತ ಬಂದ್ರೂ ಬಿಡ್ಲಿಲ್ಲ. ಅವನು ಸುಸ್ತಾಗಿ ನಿಂತಾಗ ಹಿಂದಿನಿಂದ ಒಂದು ಸದ್ದು ಬರ್ತಿತ್ತಂತೆ. ತಪ್... ತಪ್. ಹೀಗೆ, ಅಂತ ಹೇಳಿಕೊಟ್ಟ ಹಾಗೆ. ಅದಕ್ಕೆ ಇವನಿಗೆ ಇನ್ನೂ ಉರಿ.

ಹೀಗಿರುವಾಗ ಒಂದು ಸಂಜೆ ಕುಳ್ಳ ಬಂದ, ಅಭಿನಂದನೆ ಹೇಳೋಕೆ. ಮುಖದಲ್ಲಿ ನಗು ಇತ್ತು, ಹುಬ್ಬಲ್ಲಿ ಇರಲಿಲ್ಲ. ಕೂತ, ಉಂಡ, ಅದೂ ಇದೂ ಮಾತಾಡಿದ. ಕತ್ತಲಾದ ಮೇಲೆ ಎದ್ದ. ಬಾಗಿಲ ಹತ್ರ ನಿಂತು ಮೆಲ್ಲಗೆ ಕೇಳಿದ.

“ನಿನ್ನ ಬಲಗಾಲು ನಂಗೆ ಗೊತ್ತಿಲ್ವಾ? ಅದು ನೀನಲ್ಲ. ಯಾರನ್ನ ನಡೆಸ್ದೆ?”

ಅಣ್ಣನ ಕಣ್ಣು ಹೊಸ್ತಿಲಾಚೆ ಬಿಟ್ಟಿದ್ದ ಚಪ್ಪಲಿ ಕಡೆ ಹೋಯ್ತು. ಕುಳ್ಳ ಆ ಕಣ್ಣು ಹೋದ ಕಡೆ ನೋಡಿದ. ಬೀರು ಒಳಗಿಂದ ಜೈಲು ತೆಗೆದವನು ಅವನು, ಅವನಿಗೆ ಹೇಳಿಕೊಡ್ಬೇಕಾ? ತನ್ನ ಹೊಸ ಬೂಟು ಅಲ್ಲೇ ಬಿಟ್ಟ, ಆ ಹಳೇ ಚಪ್ಪಲಿ ಮೆಟ್ಕೊಂಡ, ತಿರುಗಿ ನೋಡದೆ ನಡೆದ.

“ಹೋಗ್ಲಿ ಬಿಡಿ,” ಅಂದಳು ಅತ್ತಿಗೆ. “ಪೀಡೆ ತೊಲಗ್ತು.”

ಅಣ್ಣನೂ ತಲೆ ಆಡಿಸಿದ. ಅನುಭವಿಸ್ಲಿ ಬಡ್ಡಿಮಗ ಅಂತ ನಕ್ಕ ಕೂಡ. ಆಮೇಲೆ ಬೀದಿ ಕಡೆಯಿಂದ ಸದ್ದು ಕೇಳಿಸ್ತು. ಚರಕ್... ತಪ್. ಚರಕ್... ತಪ್. ಬಾವಿ ಕಡೆಗೆ. ದೂರ ಆಗ್ತಾ... ದೂರ ಆಗ್ತಾ.

ಅಣ್ಣನ ನಗು ನಿಂತ್ಹೋಯ್ತು.

“ಅವನ ಹಿಂದೆ ಹೋಗ್ತಿದೆ,” ಅಂದ.

“ಹೋಗ್ಲಿ ಅಂತ ಹೇಳಿದ್ನಲ್ಲ.”

“ಅದು ನಂದು ಕಣೇ.”

ಹಾಗಂದವನು ಕಾಲಿಗೇನೂ ಮೆಟ್ಟದೆ ಇಳಿದು ಹೋದ. ಅತ್ತಿಗೆ ಕಿವಿಯಾರೆ ಕೇಳಿದ್ದಾಳೆ. ಚರಕ್... ತಪ್... ಅದರ ಹಿಂದೆ ಸರ್.

ಬೆಳಕು ಹರಿಯೋ ಮುಂಚೆ ತಾನಾಗೇ ವಾಪಸ್ ಬಂದ. ಎಲ್ಲಿಗೆ ಹೋಗಿದ್ರಿ ಅಂದ್ರೆ, ಗೇಟಿನ ತನಕ ಅಂದ. ಯಾವ ಗೇಟು ಅಂದ್ರೆ ಕಾಲು ತೊಳೆಯೋಕೆ ಹಿತ್ತಲಿಗೆ ಹೋದ. ಅವತ್ತಿಂದ ಸ್ಟುಡಿಯೋ ಕಡೆ ತಲೆ ಹಾಕಿಲ್ಲ. ಈಗ ಒಂದು ಬೂಟಿನ ಅಂಗಡಿಯಲ್ಲಿದಾನೆ. ಗಿರಾಕಿ ಕಾಲಿಗೆ ಬೂಟು ಹಾಕ್ತಾನೆ, ಸರಿಯಾಗಿ ಕೂತಿದ್ಯಾ ಅಂತ ಕೇಳ್ತಾನೆ. ಮಾತು ಕಮ್ಮಿ. ಅತ್ತಿಗೆ ಆ ಚಪ್ಪಲಿ ವಾಪಸ್ ಕೇಳೋಕೆ ಕುಳ್ಳನ ಮನೆ ಬಾಗಿಲು ತಟ್ಟಿ ಸೋತಳು. ಜೈಲಿಗೆ ಇಟ್ಟು ಬಂದುಬಿಡ್ತೀನಿ, ಎಲ್ಲರಿಗೂ ಬಿಡುಗಡೆ ಆಗಲಿ ಅಂತ ಕೈ ಮುಗಿದಳು. ಅವನು “ಯಾವ ಚಪ್ಪಲಿ ಅತ್ತಿಗೆ?” ಅಂತಾನೆ. ಕೇಳೋವಾಗ ಅದನ್ನೇ ಮೆಟ್ಕೊಂಡಿರ್ತಾನೆ.

ಆಮೇಲೆ ಕುಳ್ಳನ ಹೊಸ ಸಿನಿಮಾ ಬಂತು. ಹುಚ್ಚಾಸ್ಪತ್ರೆಯಲ್ಲಿ ಆಯಸ್ಸು ಕಳೆದ ಒಬ್ಬನ ಕತೆ. ಅದಕ್ಕೂ ಹೊಗಳಿಕೆ ಮೇಲೆ ಹೊಗಳಿಕೆ. ನಾನೂ ಅತ್ತಿಗೆನೂ ಹೋಗಿದ್ವಿ. ಕೊನೆಯಲ್ಲಿ ಆ ರೋಗಿ ಉದ್ದನೆಯ ಓಣಿಯಲ್ಲಿ ಒಬ್ಬನೇ ನಡ್ಕೊಂಡು ಬಾಗಿಲ ಕಡೆ ಬರ್ತಾನೆ. ಚಿತ್ರಮಂದಿರದಲ್ಲಿ ಒಬ್ಬರೂ ಕೆಮ್ಮಲಿಲ್ಲ. ಚರಕ್... ತಪ್. ಚರಕ್... ತಪ್. ಇದು ನಮಗೆ ಗೊತ್ತಿದ್ದದ್ದೇ.

ಅದರ ಹಿಂದೆ, ಇನ್ನೂ ಹಿಂದೆ... ಇನ್ನೊಂದಿತ್ತು.

ತಪ್... ಸರ್. ತಪ್... ಸರ್.

ಅತ್ತಿಗೆ ನನ್ನ ಕೈ ಹಿಡಿದಳು, ಉಗುರು ನಾಟೋ ಹಾಗೆ. ಪಕ್ಕದಲ್ಲಿ ಕೂತವರು ಆಹಾ ಅಂತಿದ್ರು.

ಆ ಸದ್ದು ರೆಕಾರ್ಡ್ ಮಾಡಿದ ರಾತ್ರಿ ಯಾವುದು ಅಂತ ಕುಳ್ಳನೇ ಎಲ್ಲರ ಹತ್ರ ಹೇಳ್ಕೊಂಡಿದ್ದ, ದೊಡ್ಡ ಗಾಳಿ ಬಂದು ಊರೆಲ್ಲ ಕರೆಂಟು ಹೋಗಿ ಬಂತಲ್ಲ, ಅವತ್ತು ಅಂತ. ಅವತ್ತು ಅಣ್ಣನಿಗೆ ಮೈ ಸುಡೋ ಜ್ವರ. ಅತ್ತಿಗೆಗೆ ಜೊತೆಗಿರಲಿ ಅಂತ ನಾನು ಅಲ್ಲೇ ಇದ್ದೆ. ಕೋಣೆ ಬಾಗಿಲಿಗೆ ಅಡ್ಡ ಹಾಸಿಗೆ ಹಾಸಿ ಮಲಗಿದ್ದೆ. ನನ್ನ ದಾಟಿ ಬೆಕ್ಕೂ ಹೋಗಿಲ್ಲ.

ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ನಾನು ಕಂಡದ್ದು ಇಷ್ಟು. ಅತ್ತಿಗೆ ಇವತ್ತಿಗೂ ರಾತ್ರಿ ಒಳಗಿಂದ ಬೀಗ ಹಾಕಿ, ಬೀಗದಕೈ ತಲೆದಿಂಬಿನ ಕೆಳಗೆ ಇಟ್ಕೊಂಡು ಮಲಗ್ತಾಳೆ. ಅಣ್ಣ ಕಾಲು ತೊಳ್ಕೊಂಡು ಬಂದು ಪಕ್ಕದಲ್ಲಿ ಮಲಗ್ತಾನೆ, ಅಲ್ಲಾಡದೆ ನಿದ್ದೆ ಮಾಡ್ತಾನೆ. ಬೆಳಿಗ್ಗೆ ಹಾಸಿಗೆ ಕೊಡವಿದ್ರೆ ಅವನ ಕಾಲ ಕಡೆಯಿಂದ ಸಣ್ಣ ಸಣ್ಣ ಜಲ್ಲಿ ಕಲ್ಲು ಬೀಳುತ್ತೆ. ನಾನೇ ಗುಡಿಸಿದೀನಿ. ಇಟ್ಟಿಗೆ ಪುಡಿ ಹಾಗೆ, ಕೆಂಪು ಜಲ್ಲಿ.