ಅಕ್ಕನ ಕಾರಿಗೆ ಮಿದುಳು

ತಡಿ ತಡಿ, ಕೀ ಹಾಕ್ಬೇಡ ಅಕ್ಕಾ! ಹಾಗಲ್ಲ... ಮೊದ್ಲು ನಾನು ಹೇಳೋದನ್ನ ಕೇಳು. ಮಗಳ ಮನೆಯಿಂದ ಈಗ ತಾನೇ ಬಂದು ಇಳಿದಿದೀಯ, ಚೀಲ ಆದ್ರೂ ಕೆಳಗಿಡು. ಅಳಿಯ ಚೆನ್ನಾಗಿದಾನಾ? ಮೊಮ್ಮಗು ನಡಿಯುತ್ತಾ? ...ಸರಿ, ಬೇಡ ಬಿಡು. ಕಾರಿನ ವಿಷಯಕ್ಕೇ ಬರೋಣ.

ಬಾನೆಟ್ ಎತ್ತಿರೋದಾ? ಗಾಳಿಯಾಡ್ಲಿ ಅಂತ. ಹಾಂ, ಅದೇ, ಆ ಕಪ್ಪು ಡಬ್ಬಿ. ನೋಡೋಕೆ ಅಂಗೈಯಗಲ, ಆದ್ರೆ ನಿನ್ನ ಕಾರಿಗೆ ಇನ್ಮೇಲೆ ಅದೇ ಮಿದುಳು! ಪಾಪ, ನಿನ್ನ ಡ್ರೈವಿಂಗ್ ಸ್ಕೂಲಿಗೆ ಇರೋದು ಇದೊಂದೇ ಕಾರು, ಅದೂ ಇಪ್ಪತ್ತೆರಡು ವರ್ಷದ್ದು. ಮೂರು ದಿನ ಸುಮ್ನೆ ಬಿದ್ದಿರುತ್ತಲ್ಲ, ಅಷ್ಟರೊಳಗೆ ಎಂಜಿನ್ನಿಗೊಂದು ಕಂಪ್ಯೂಟರ್ ಹಾಕಿ ಅಕ್ಕನ್ನ ಖುಷಿ ಪಡಿಸೋಣ ಅಂದ್ಕೊಂಡೆ. ತಪ್ಪಾ?

ಯಾಕೆ ನಗ್ತೀಯ? ಮೂಗಿಗಿಂತ ಮೂಗುತಿ ಭಾರ ಅಂತ ತಾನೇ? ನೀನು ಬಾಯಿ ಬಿಡದಿದ್ರೂ ನನಗೆ ಕೇಳಿಸುತ್ತೆ ಕಣಕ್ಕಾ, ಹುಟ್ಟಿದಾಗಿಂದ ಕೇಳಿಸ್ಕೊಂಡೇ ಬಂದಿದೀನಿ.

ಡಿಸ್ಟ್ರಿಬ್ಯೂಟರ್ ಹುಡುಕ್ತಿದೀಯಾ? ತೆಗೆದೆ ಅದನ್ನ! ಯಾವ ಸಿಲಿಂಡರಿಗೆ ಯಾವಾಗ ಕಿಡಿ ಅಂತ ಹಂಚೋದು ತಾನೇ ಅದರ ಕೆಲಸ? ಇನ್ಮೇಲೆ ಡಬ್ಬಿ ನೋಡ್ಕೊಳ್ಳುತ್ತೆ. ಇಲ್ಲಿ ಬಾ, ಪುಲ್ಲಿ ನೋಡು, ಹಲ್ಲಿನ ಚಕ್ರ ಕೂರಿಸಿದೀನಿ. ಅಯ್ಯೋ, ಮುರಿದಿಲ್ಲ! ಒಂದು ಹಲ್ಲು ಇಲ್ದೇ ಇರೋ ಹಾಗೇ ಮಾಡಿರ್ತಾರೆ. ಆ ಬೊಚ್ಚು ಜಾಗ ಬಂದಾಗೆಲ್ಲ ಸೆನ್ಸರ್ ಹಿಡ್ಕೊಳ್ಳುತ್ತೆ, ಪಿಸ್ಟನ್ ಎಲ್ಲಿದೆ ಅಂತ ಡಬ್ಬಿಗೆ ಲೆಕ್ಕ ಸಿಗುತ್ತೆ.

ಹತ್ತು ವರ್ಷ ಪ್ರಿಂಟರ್ ರಿಪೇರಿ ಮಾಡಿದವನಿಗೆ ಇದೇನು ಮಹಾ? ವೈರು ಅಂದ್ರೆ ವೈರೇ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ...ಅವಾ? ಹಸಿರು ಎರಡು ಮಿಕ್ತು. ಅವು ಬೇಕಾಗಲ್ಲ. ಬೇಕಾಗಲ್ಲ ಅನ್ಸುತ್ತೆ.

ಆಮೇಲೆ ಲ್ಯಾಪ್‌ಟಾಪ್ ಸಿಗಿಸಿ ನೋಡ್ದೆ. ಹತ್ತು ಡಿಗ್ರಿ! ಅಂದ್ರೆ ಪಿಸ್ಟನ್ ತುದಿ ಮುಟ್ಟೋಕೆ ಇನ್ನು ಚೂರೇ ಚೂರು ಇರುವಾಗ ಕಿಡಿ. ನಮಗೆ ಬೇಕಾಗಿದ್ದೇ ಅಷ್ಟು. ಟೈಮಿಂಗ್ ಲೈಟ್ ಹಿಡಿದು ಪುಲ್ಲಿ ಮೇಲಿನ ಗುರುತು ಕಣ್ಣಾರೆ ನೋಡಿ ಅಂತ ಡಬ್ಬಿ ಜೊತೆ ಬಂದ ಪುಸ್ತಕದಲ್ಲಿ ಬರೆದಿದಾರೆ, ಮೊದಲ ಪುಟದಲ್ಲೇ, ದಪ್ಪಕ್ಷರದಲ್ಲಿ. ಅದೆಲ್ಲ ಅನುಮಾನದ ಪ್ರಾಣಿಗಳಿಗೆ ಬರೆದಿರೋದು. ಸ್ಕ್ರೀನಲ್ಲೇ ಕಾಣ್ತಿರುವಾಗ ಸೊಂಟ ಬಗ್ಗಿಸಿ ಯಾಕೆ ನೋಡ್ಬೇಕು? ಕಂಪ್ಯೂಟರ್ ಸುಳ್ಳು ಹೇಳುತ್ತಾ?

ಏನು, ಓಡಿಸಿದ್ಯಾ ಅಂತಾನಾ? ಛೆ ಛೆ! ಶೆಡ್ ಬಿಟ್ಟು ಒಂದು ಗೇಣು ಕದಲಿಲ್ಲ. ಎರಡು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡ್ದೆ, ನಿನ್ನಾಣೆ. ಈಗ ಕೀ ಹಾಕ್ಬೇಡ ಅಂದಿದ್ದು ಯಾಕಂದ್ರೆ... ಡಬ್ಬಿ ಕಲಿತಾ ಇದೆ. ಹೂಂ, ಕಲಿಯುತ್ತೆ! ನಿನ್ನ ಹತ್ರ ಬರೋರು ಕಲಿಯಲ್ವಾ, ಹಾಗೇ. ಒಂದು ವಾರ ಅದರ ಪಾಡಿಗೆ ಅದನ್ನ ಬಿಟ್ಬಿಡ್ಬೇಕು.

ಗೋಡೆ ಮೇಲಿನ ಬೋರ್ಡ್ ಯಾಕೆ ತೋರಿಸ್ತೀಯ? ನಾಳೆ ಬೆಳಿಗ್ಗೆ ಎಂಟು ಜನಕ್ಕೆ ಲೈಸೆನ್ಸ್ ಟೆಸ್ಟ್... ಗೊತ್ತು. ಅಂದ್ರೆ, ಮರೆತೇ ಹೋಗಿತ್ತು. ಟೈಲರಮ್ಮನಿಗೆ ಇದು ನಾಲ್ಕನೇ ಸಲ, ಈ ಸಲವೂ ಫೇಲಾದ್ರೆ ಜನ್ಮದಲ್ಲಿ ಸ್ಟೀರಿಂಗ್ ಮುಟ್ಟಲ್ಲ ಅಂದಿದಾಳೆ, ಅದೂ ಗೊತ್ತು. ಒಂದು ವಾರ ಮುಂದಕ್ಕೆ ಹಾಕ್ಸೋಕೆ...? ಆಗಲ್ಲ. ಸರಿ, ಆಗಲ್ಲ.

ಒಳಗೆ ಬಗ್ಗಿ ಏನು ನೋಡ್ತಿದೀಯ? ಸೀಟ್ ಎಲ್ಲ ಒರೆಸಿದೀನಿ... ಓ. ಆ ಪುಟ್ಟ ಮೀಟರಾ. ಪ್ರತಿ ಪಾಠ ಮುಗಿದ ಕೂಡ್ಲೇ ನೀನು ಅದನ್ನ ಸೊನ್ನೆಗೆ ತಿರುಗಿಸ್ತೀಯಲ್ಲ. ಊರಿಗೆ ಹೊರಟ ದಿನವೂ... ತಿರುಗಿಸಿದ್ಯಾ?

ಹೌದು, ಅರವತ್ತೆರಡು ಕಿಲೋಮೀಟರ್ ಅಂತಿದೆ. ಹಳೇ ಮೀಟರ್ ಅಲ್ವಾ, ಒಂದೊಂದು ಸಲ ತಾನಾಗೇ... ಇಲಿ ಗಿಲಿ ಏನಾದ್ರೂ...

ಅಕ್ಕಾ, ಏನಾದ್ರೂ ಅನ್ನು. ಬೈ! ಕತ್ತೆ ಅನ್ನು, ಕೋಣ ಅನ್ನು, ಹೀಗೆ ಸುಮ್ನೆ ನಿಂತ್ಕೋಬೇಡ.

ಸರಿ! ಗುಡ್ಡದ ರಸ್ತೆಗೆ ತಗೊಂಡು ಹೋಗಿದ್ದೆ. ನಿನ್ನೆ. ಗೆಳೆಯರಿಬ್ಬರನ್ನ ಕೂರಿಸ್ಕೊಂಡು, ಜಂಬ ತೋರಿಸೋಕೆ. ಏರು ಹತ್ತುವಾಗ ಟಣಟಣ ಟಣಟಣ ಅಂತು. ಎಂಜಿನ್ನಿಗೆ ಕಿವಿ ಕೊಡು, ಅದು ಮಾತಾಡುತ್ತೆ ಅಂತ ನೀನು ಬಂದೋರಿಗೆಲ್ಲ ಹೇಳ್ತೀಯಲ್ಲ... ಕೇಳಿಸ್ತು ಅಕ್ಕ. ಚೆನ್ನಾಗೇ ಕೇಳಿಸ್ತು. ಹಾಡಿನ ಸೌಂಡ್ ಜೋರು ಮಾಡ್ದೆ. ಸ್ಕ್ರೀನಲ್ಲಿ ಹತ್ತು ಅಂತಾನೇ ಇತ್ತು! ಹೊಗೆ ಬಂದು ಕಾರು ನಿಂತ ಮೇಲೆ ತಲೆಗೆ ಹೊಳೀತು. ಆ ಬೊಚ್ಚು ಜಾಗ ಎಲ್ಲಿದೆ ಅಂತ ಡಬ್ಬಿಗೆ ನಾವೇ ಹೇಳ್ಬೇಕು. ನಾನು ಅಂದಾಜಲ್ಲಿ ಒಂದು ಹೇಳಿದ್ದೆ. ನಾನು ಹೇಳಿದ ಸುಳ್ಳನ್ನೇ ಅದು ನನಗೆ ತಿರುಗಿಸಿ ಹೇಳ್ತಾ ಕೂತಿತ್ತು. ನಿಜವಾಗಿ ಕಿಡಿ ಬೀಳ್ತಿದ್ದಿದ್ದು ನಲವತ್ತು ಡಿಗ್ರಿಗೆ, ಪಿಸ್ಟನ್ ಇನ್ನೂ ದಾರೀಲಿರುವಾಗಲೇ. ತೂತು ಬಿದ್ದಿದೆ ಅಂತೆ ಪಿಸ್ಟನ್ನಿಗೆ, ಮೆಕ್ಯಾನಿಕ್ ಬಂದು ನೋಡಿ ಹೇಳ್ದ. ಹೋಗೋವಾಗ ಮೂವತ್ತೊಂದು ಕಿಲೋಮೀಟರ್ ಓಡಿಸ್ಕೊಂಡು ಹೋದೆ, ಬರೋವಾಗ ಮೂವತ್ತೊಂದು ಹಗ್ಗ ಕಟ್ಟಿ ಎಳ್ಕೊಂಡು ಬಂದ್ವಿ. ಮೀಟರಿಗೇನು, ಎರಡೂ ಒಂದೇ.

ಕೈ ಯಾಕೆ ಚಾಚಿದೀಯ? ಡಬ್ಬಿ ಬೇಕಾ? ಸ್ಕ್ರೂಡ್ರೈವರಾ? ...ನನ್ನ ಕಾರಿನ ಕೀನಾ? ಅಯ್ಯೋ, ಬೇಡ ಅಕ್ಕಾ! ಹೋದ ತಿಂಗಳು ತಾನೇ ಬಣ್ಣ ಹೊಡೆಸಿದೀನಿ! ಎಂಟು ಜನ! ಟೈಲರಮ್ಮ ಹೊಲಿಗೆ ಮಿಷನ್ ತುಳಿದ ಹಾಗೆ ಕ್ಲಚ್ ತುಳಿತಾಳೆ! ನಿನ್ನ ಕಡೆ ಬ್ರೇಕ್ ಕೂಡ ಇಲ್ಲ ಅದರಲ್ಲಿ!

ಯಾಕೆ ಒಂದ್ಸಲ ಡಬ್ಬಿ ನೋಡ್ತೀಯ, ಒಂದ್ಸಲ ನನ್ನ ಕಾರು ನೋಡ್ತೀಯ? ಹೌದು, ಎರಡೂ ಒಂದೇ ಮಾಡೆಲ್. ಹೌದು, ನನ್ನದೂ ಹಳೇದೇ. ಮೊದ್ಲು ನನ್ನದಕ್ಕೇ ಯಾಕೆ ಹಾಕ್ಲಿಲ್ಲ ಅಂತಾನಾ? ಅದಕ್ಯಾಕೆ ಅಕ್ಕಾ, ಅದು ಚೆನ್ನಾಗಿ ಓಡ್ತಿದೆಯಲ್ಲ!

...

ಹೂಂ. ನಿನ್ನದೂ ಚೆನ್ನಾಗೇ ಓಡ್ತಿತ್ತು.

ತಗೋ, ಕೀ.